ಸಹಾಯ ಬೇಕು: ಕಾಂಜುಗೇಶನ್ (ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಜೀನ್ ದಾಟಿಸೋದು) ಪ್ಲೇಟಲ್ಲಿ ಒಂದು ಕಾಲೊನಿನೂ ಬರ್ತಿಲ್ಲ

ಎಲ್ರಿಗೂ ನಮಸ್ಕಾರ, ಮೈಕ್ರೋಬಯಾಲಜಿಯವ್ರು ಯಾರಾದ್ರೂ ಇದ್ರೆ ದಯವಿಟ್ಟು ನೋಡಿ. ಕೋಳಿ ಮಾಂಸದಿಂದ ತೆಗೆದ ಸಾಲ್ಮೊನೆಲ್ಲಾ ಒಂದಿದೆ, ಆಂಟಿಬಯೋಟಿಕ್‌ಗಳಾದ ಸೆಫೋಟ್ಯಾಕ್ಸಿಮ್‌ಗೂ ಬಗ್ಗಲ್ಲ ಟೆಟ್ರಾಸೈಕ್ಲಿನ್‌ಗೂ ಬಗ್ಗಲ್ಲ, ಹಾಗೆ ಬಗ್ಗದ ಹಾಗೆ ಮಾಡೋ ಜೀನ್‌ಗಳು ಪ್ಲಾಸ್ಮಿಡ್ (ಕ್ರೋಮೋಸೋಮ್‌ನಿಂದ ಬೇರೆಯಾಗಿರೋ ಡಿಎನ್‌ಎ ಉಂಗುರ) ಮೇಲಿದಾವಾ, ಬೇರೆ ಬ್ಯಾಕ್ಟೀರಿಯಾಗೆ ದಾಟ್ತವಾ ಅಂತ ನೋಡೋಕೆ ಸೋಡಿಯಂ ಅಜೈಡ್ (ಬ್ಯಾಕ್ಟೀರಿಯಾ ಬೆಳೆಯೋಕೆ ಬಿಡದ ರಾಸಾಯನಿಕ) ತಡ್ಕೊಳ್ಳೋ ಇ. ಕೋಲೈ ಜೆ53 ತಳಿ ಜೊತೆ ಬೆರೆಸಿ 37 ಡಿಗ್ರಿಲಿ ರಾತ್ರಿಯಿಡೀ ಇಟ್ಟು, ಅಜೈಡ್ ಮತ್ತೆ ಸೆಫೋಟ್ಯಾಕ್ಸಿಮ್ ಎರಡೂ ಇರೋ ಪ್ಲೇಟಿಗೆ ಹಾಕ್ದೆ (ಜೀನ್ ಪಡೆದ ಜೆ53 ಮಾತ್ರ ಅದ್ರಲ್ಲಿ ಬೆಳೀಬೇಕು). ಮೂರು ಸಲ ಆಯ್ತು, ಏನೂ ಇಲ್ಲ. ಕಂಟ್ರೋಲ್ ಎಲ್ಲಾ ಸರಿಯಾಗೇ ಬಂದಿದೆ.

ಇಂಕ್‌ಎಚ್‌ಐ2 ಥರದ ದೊಡ್ಡ ಪ್ಲಾಸ್ಮಿಡ್‌ಗಳು 37ರಲ್ಲಿ ಸರಿಯಾಗಿ ದಾಟಲ್ಲ, 30 ಡಿಗ್ರಿ ಒಳಗಿದ್ರೆ ಚೆನ್ನಾಗಿ ದಾಟ್ತವೆ ಅಂತ ಓದಿದೀನಿ, ಹಾಗಾಗಿ ಟೆಂಪರೇಚರ್ ಇಳಿಸ್ಲಾ, ಇಲ್ಲ ಬ್ರಾತ್ (ದ್ರವ ಮಾಧ್ಯಮ) ಬಿಟ್ಟು ಫಿಲ್ಟರ್ ಮೇಲೆ ಮಾಡ್ಲಾ? ರೆಪ್ಲಿಕಾನ್ ಟೈಪಿಂಗ್ ಪಿಸಿಆರ್ (ಪ್ಲಾಸ್ಮಿಡ್ ಯಾವ ಗುಂಪಿಂದು ಅಂತ ಹೇಳೋ ಟೆಸ್ಟ್) ಮೊದ್ಲು ಮಾಡೋದೇ ಒಳ್ಳೇದಾ? ಕೆಲವು ಪ್ಲಾಸ್ಮಿಡ್‌ಗೆ ಸ್ವಂತ ಟ್ರಾನ್ಸ್‌ಫರ್ ಜೀನ್ ಇರಲ್ಲ, ಇನ್ನೊಂದರ ಸಹಾಯ ಬೇಕು, ಅದೂ ತಲೇಲಿದೆ.

ಸುಮ್ನೆ 'ದಾಟಲ್ಲ' ಅಂತ ರಿಪೋರ್ಟ್ ಬರೆಯೋಕೆ ಮನಸ್ಸಿಲ್ಲ. 2015ರಲ್ಲಿ ಚೀನಾದಲ್ಲಿ ಕೊಲಿಸ್ಟಿನ್ ಅನ್ನೋ ಆಂಟಿಬಯೋಟಿಕ್‌ಗೆ ಬಗ್ಗದ ಹಾಗೆ ಮಾಡೋ ಎಂಸಿಆರ್-1 ಜೀನ್ ಹಂದಿ, ಮಾಂಸ, ರೋಗಿಗಳು ಮೂರ್ರಲ್ಲೂ ಸಿಕ್ಕಿದ್ದು ಪ್ಲಾಸ್ಮಿಡ್ ಮೇಲೇ ಅಲ್ವಾ. ನಿಮ್ಗೆ ವರ್ಕ್ ಆದ ಡೋನರ್-ರೆಸಿಪಿಯೆಂಟ್ (ಜೀನ್ ಕೊಡೋದು-ಪಡೆಯೋದು) ಅನುಪಾತ, ಎಷ್ಟು ಗಂಟೆ ಇಟ್ರಿ, ಎಲ್ಲಾ ಹೇಳಿ ಪ್ಲೀಸ್.