ಉದ್ಯಾನದಲ್ಲಿ ಇಂಗುಬಾವಿ: ಒಪ್ಪಿಗೆ, ಆಕ್ಷೇಪ ಎರಡನ್ನೂ ಇಲ್ಲೇ ತಿಳಿಸಿ

ಸಂಘದ ಕಾರ್ಯದರ್ಶಿ: ನಮಸ್ಕಾರ. ಬಡಾವಣೆಯ ಎರಡನೇ ಕೊಳವೆಬಾವಿಯೂ ಕೆಮ್ಮತೊಡಗಿದೆ. ಮುಂಗಾರಿಗೆ ಮೊದಲು ಉದ್ಯಾನದ ಅಂಚಿನಲ್ಲಿ, ಮಳೆನೀರನ್ನು ನೆಲದೊಳಕ್ಕೆ ಇಳಿಸುವ ಇಂಗುಬಾವಿ ತೋಡಿಸಬೇಕೆಂದಿದ್ದೇವೆ. ಪಾಲಿಕೆಯ ಅನುಮತಿಗೆ ಅರ್ಜಿ ಸಿದ್ಧವಾಗಿದೆ.

ಮನೆ 22: ಮತ್ತೆ ವಂತಿಗೆಯೇ? 2024ರಲ್ಲೇ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಬಂದಿತಲ್ಲ!

ಮನೆ 14 (ನಿವೃತ್ತ ಎಂಜಿನಿಯರ್): ಬಂದಿದೆ, ಸುಮಾರು 100 ಕಿ.ಮೀ. ದೂರದಿಂದ, ಪಂಪುಗಳ ಬೆನ್ನೇರಿ. ತಲೆಯ ಮೇಲೆ ಸುರಿಯುವುದನ್ನೂ ಸ್ವಲ್ಪ ಲೆಕ್ಕ ಹಾಕಿ. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿ.ಮೀ. ಆಸುಪಾಸು. ಸಾವಿರ ಚದರಡಿಯ ತಾರಸಿಗೆ ಅದು ಸುಮಾರು 90,000 ಲೀಟರ್, ಅಂದರೆ ಆರು ಸಾವಿರ ಲೀಟರಿನ ಹದಿನೈದು ಟ್ಯಾಂಕರ್. ಸೋರಿಕೆ, ಆವಿ ಕಳೆದರೂ ಹನ್ನೆರಡಕ್ಕೆ ಮೋಸವಿಲ್ಲ. ಅಂದಹಾಗೆ, ನಿಮ್ಮದು 60×40 ಅಡಿಯ ನಿವೇಶನವಲ್ಲವೇ? ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಯಿಂದಲೇ ಅಂಥ ಮನೆಗಳಿಗೆ ಮಳೆನೀರು ಸಂಗ್ರಹ ಕಡ್ಡಾಯ.

ಮನೆ 7: ಆ ಹದಿನೈದು ಟ್ಯಾಂಕರ್ ಈಗ ಎಲ್ಲಿಗೆ ಹೋಗುತ್ತದೆಂದು ನಾನು ಹೇಳುತ್ತೇನೆ. ತಗ್ಗಿನಲ್ಲಿರುವ ನಮ್ಮ ನೀರಿನ ಸಂಪಿನೊಳಕ್ಕೆ. ಹೋದ ಮಳೆಗಾಲದಲ್ಲಿ ಸಂಪು ತೊಳೆಸಿದ ಖರ್ಚಿಗೆ ಯಾರೂ ವಂತಿಗೆ ಕೊಡಲಿಲ್ಲ.

ಮನೆ 31: ಬಾವಿಗೆ ನನ್ನ ಒಪ್ಪಿಗೆಯಿದೆ, ಆದರೆ ರಸ್ತೆಬದಿಯ ಚರಂಡಿಯ ನೀರನ್ನು ಅದಕ್ಕೆ ತಿರುಗಿಸಬೇಡಿ. ಸುಡು ಬಿಸಿಲಿನಲ್ಲೂ ಅಲ್ಲಿ ನೊರೆ ಹರಿಯುತ್ತದೆ. ಯಾರದೋ ಬಟ್ಟೆ ಒಗೆಯುವ ಯಂತ್ರದ ಕೊಳವೆ ಒಳಚರಂಡಿಗೆ ಹೋಗದೆ ಮಳೆನೀರು ಚರಂಡಿಗೆ ಸೇರಿದೆ. ಅದನ್ನೇ ಇಂಗಿಸಿದರೆ ನಾಳೆ ಕೊಳವೆಬಾವಿಯಿಂದ ಎತ್ತುವುದೂ ಅದನ್ನೇ.

ಮನೆ 14: ನ್ಯಾಯವಾದ ಮಾತು, ತಾಯಿ. ಹಾಗಾದರೆ ಸದ್ಯಕ್ಕೆ ಅಕ್ಕಪಕ್ಕದ ತಾರಸಿಗಳ ನೀರು ಮಾತ್ರ, ಅದೂ ಮೊದಲ ಮಳೆಯ ಕೊಳೆಯನ್ನು ಹೊರಬಿಟ್ಟ ಮೇಲೆ. ಮೂರಡಿ ಅಗಲ, ಇಪ್ಪತ್ತಡಿ ಆಳ, ಸುತ್ತ ಸಿಮೆಂಟ್ ರಿಂಗ್ ಸಾಕು. ತಳಕ್ಕೆ ಕಾಂಕ್ರೀಟ್ ಬೇಡ. ಹಾಕಿದರೆ ಅದು ಇನ್ನೊಂದು ಸಂಪು. ಕೆಲಸಕ್ಕೆ ಬಾವಿ ತೋಡುವುದೇ ಕಸುಬಾದ ಮಣ್ಣು ಒಡ್ಡರನ್ನೇ ಕರೆಯೋಣ. ಕಬ್ಬನ್ ಉದ್ಯಾನದ ಹಳೆಯ ಬಾವಿಗಳ ಹೂಳೆತ್ತಿದವರು ಅವರು. ಎಷ್ಟು ಆಳಕ್ಕೆ ನಿಲ್ಲಿಸಬೇಕೆಂದು ನನ್ನ ನಕ್ಷೆಗಿಂತ ಅವರ ಕೈಗೆ ಚೆನ್ನಾಗಿ ಗೊತ್ತು.

ಕಾರ್ಯದರ್ಶಿ: ಸರಿ. ಶನಿವಾರ ಬೆಳಿಗ್ಗೆ ಏಳಕ್ಕೆ 7 ಮತ್ತು 31ರವರ ಜೊತೆ ನಾನೂ ಚರಂಡಿಯ ಚಪ್ಪಡಿ ಎತ್ತಿಸಿ ನೊರೆಯ ಮೂಲ ಹುಡುಕುತ್ತೇನೆ. ಮನೆ ಯಾವುದೆಂದು ಇಲ್ಲಿ ಹಾಕುವುದಿಲ್ಲ, ನೇರವಾಗಿ ಮಾತನಾಡುತ್ತೇವೆ. ವಂತಿಗೆಯ ಲೆಕ್ಕ ಆಮೇಲೆ.

ಮನೆ 22: ಏಳಕ್ಕೆ ಬಾಗಿಲು ಬಡಿಯಬೇಡಿ, ಮಾವನವರು ಮಲಗಿರುತ್ತಾರೆ. ಫೋನ್ ಮಾಡಿ, ನಾನೇ ಪ್ಲಂಬರ್‌ಗೆ ಹೇಳುತ್ತೇನೆ.