ಟಾರ್ಟನ್ ಇತಿಹಾಸದ ಬಗ್ಗೆ ಎಕ್ಸ್‌ಪರ್ಟ್ ಹೇಳಿದ್ರಲ್ಲಿ ಏನು ಇಟ್ಕೊಳ್ಳೋದು, ಏನು ಬಿಡೋದು?

ಸ್ಕಾಟ್ಲೆಂಡ್‌ನ ಚೌಕಳಿ ಉಣ್ಣೆ ಬಟ್ಟೆ ಟಾರ್ಟನ್ ಬಗ್ಗೆ ಫೀಚರ್ ಬರೀತಿದೀನಿ. ಜವಳಿ ಇತಿಹಾಸ ಗೊತ್ತಿರೋರೊಬ್ರು ತುಂಬಾ ಹೊತ್ತು ಮಾತಾಡಿದ್ರು, ಎಡಿಟರ್‌ಗೆ ಬೇಕಿರೋದು ಎರಡೇ ಕೋಟ್. ಇಂಥದ್ದು ಬರೆದಿರೋರು ಹೇಳಿ ಪ್ಲೀಸ್.

— ನಾನು ಡೆಸ್ಕ್‌ನಲ್ಲಿರೋಳು. ಕೋಟ್ ಎಷ್ಟು ಚೆನ್ನಾಗಿದೆ ಅನ್ನೋದಕ್ಕಿಂತ ಅವರು ಯಾವ ಷರತ್ತು ಹಾಕಿ ಹೇಳಿದ್ರು ಅನ್ನೋದನ್ನ ಮೊದಲು ಬರ್ಕೊಳಿ. 2023ರಲ್ಲಿ ಸ್ಕಾಟ್ಲೆಂಡ್‌ನ ಗ್ಲೆನ್ ಆಫ್ರಿಕ್ ಕಣಿವೆಯ ಟಾರ್ಟನ್ ತುಂಡಿನ ಸುದ್ದಿ ಬಂತಲ್ಲ, ಪೀಟ್ ಜೌಗಲ್ಲಿ ಸಿಕ್ಕಿದ್ದು, ಕಾರ್ಬನ್ ಟೆಸ್ಟ್ ಮಾಡಿ ಬಹುಶಃ 1500–1600ರ ನಡುವಿಂದು ಅಂದ್ರು, ಅದು ಹೆಡ್‌ಲೈನ್‌ಗೆ ಬರೋಷ್ಟರಲ್ಲಿ ಸೀದಾ ‘ಅತಿ ಹಳೇ ಟಾರ್ಟನ್’ ಆಗೋಗತ್ತೆ. ಆದ್ರೆ ಸ್ಕಾಟ್ಲೆಂಡ್‌ನದೇ ಫಾಲ್ಕರ್ಕ್ ಊರಲ್ಲಿ ರೋಮನ್ ಬೆಳ್ಳಿ ನಾಣ್ಯ ತುಂಬಿದ್ದ ಮಡಿಕೆ ಬಾಯಿಗೆ ತುರುಕಿದ್ದ ಚೌಕಳಿ ಬಟ್ಟೆ ಮೂರನೇ ಶತಮಾನದ್ದು! ಅದರಲ್ಲಿರೋದು ಉಣ್ಣೆಯ ಸಹಜ ಬಣ್ಣ ಎರಡೇ, ಒಂದು ತಿಳಿ ಒಂದು ಗಾಢ. ಗ್ಲೆನ್ ಆಫ್ರಿಕ್‌ದು ಬಣ್ಣ ಹಾಕಿದ ನೂಲು, ಹಲವು ಬಣ್ಣ, ಅದಕ್ಕೇ ತಜ್ಞರು ಎರಡನ್ನೂ ಬೇರೆ ಬೇರೆ ಲೆಕ್ಕಕ್ಕೆ ಹಿಡಿಯೋದು. ಈ ಒಂದು ಸಾಲು ಕತ್ತರಿಸಿದ್ರೆ ಸುದ್ದಿನೇ ತಪ್ಪಾಗತ್ತೆ, ಎಡಿಟರ್ ಹತ್ರ ಜಗಳ ಆಡಿಯಾದ್ರೂ ಉಳಿಸ್ಕೊಳಿ.

— ಮೇಲಿನ ಮೇಡಂ ಹೇಳಿದ್ದು ಸರಿ. ನನಗೆ ಜಾಸ್ತಿ ಕಾಡಿದ್ದು ಕ್ಲಾನ್, ಅಂದ್ರೆ ಸ್ಕಾಟಿಷ್ ಮನೆತನಗಳ ವಿಷಯ. ಒಂದೊಂದು ಮನೆತನಕ್ಕೂ ಅನಾದಿ ಕಾಲದಿಂದ ಒಂದೊಂದು ಡಿಸೈನ್ ಇತ್ತು ಅಂತ ಬರೆಯೋರು ಒಂದು ಕಡೆ, ಎಲ್ಲಾ 1822ರಲ್ಲಿ ಬ್ರಿಟನ್ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರಾಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಕಟ್ಟಿದ ಕಥೆ ಅನ್ನೋರು ಇನ್ನೊಂದು ಕಡೆ. ತಜ್ಞರನ್ನ ಪೂರ್ತಿ ಕೇಳಿದ್ರೆ ಎರಡೂ ಅಲ್ಲ ಅಂತಾರೆ, ಬಟ್ಟೆ ಹಳೇದು, ಹೆಸರಿನ ಜೋಡಣೆ ಬಹುಪಾಲು ಈಚಿನದು. ಬ್ಯಾನಕ್‌ಬರ್ನ್‌ನ ವಿಲ್ಸನ್ಸ್ ನೇಕಾರರ 1819ರ ಪ್ಯಾಟರ್ನ್ ಪುಸ್ತಕದಲ್ಲಿ ಎಷ್ಟೋ ಡಿಸೈನ್‌ಗೆ ಬರೀ ನಂಬರ್ ಇದೆ. ಆಮೇಲೆ 1842ರಲ್ಲಿ ಬಂದ ‘ವೆಸ್ಟಿಯಾರಿಯಂ ಸ್ಕೋಟಿಕಂ’ ಅನ್ನೋ ಕ್ಲಾನ್ ಟಾರ್ಟನ್‌ಗಳ ಪುಸ್ತಕ ಖೋಟಾ, ಆದ್ರೂ ಅದರಲ್ಲಿದ್ದ ಡಿಸೈನ್‌ಗಳನ್ನ ಇವತ್ತಿಗೂ ಜನ ಹೆಮ್ಮೆಯಿಂದ ಉಡ್ತಾರೆ, ಆ ಹೆಮ್ಮೆ ನಿಜವಾದದ್ದು, ಅದನ್ನ ಗೇಲಿ ಮಾಡ್ಬೇಡಿ. ಹಾಗಾಗಿ ‘ಇದಕ್ಕೆ ದಾಖಲೆ ಏನಿದೆ, ಯಾವ ವರ್ಷದ್ದು’ ಅಂತ ಪ್ರತಿ ಮಾತಿಗೂ ಕೇಳಿ, ಬೇಜಾರ್ ಮಾಡ್ಕೊಳಲ್ಲ, ಖುಷಿಯಾಗೇ ಹೇಳ್ತಾರೆ.

— ಇನ್ನೊಂದು ಸೇರಿಸ್ತೀನಿ. ಸ್ಕಾಟ್ಲೆಂಡ್‌ನ ಹೈಲ್ಯಾಂಡ್ ಉಡುಪಿನ ಮೇಲೆ ಬ್ರಿಟಿಷರು ತಂದ 1746ರ ಕಾಯ್ದೆಯಿಂದ ‘ಟಾರ್ಟನ್ ಬ್ಯಾನ್ ಆಯ್ತು’ ಅಂತ ಒಂದೇ ಏಟಿಗೆ ಬರೀಬೇಡಿ. ಅದು ಗಂಡಸರು ಹುಡುಗರ ಉಡುಪಿಗೆ ಸಂಬಂಧಪಟ್ಟಿದ್ದು, ಸೈನಿಕರಿಗೆ ವಿನಾಯ್ತಿ ಇತ್ತು, ಹೆಂಗಸರ ಮಾತೇ ಇರ್ಲಿಲ್ಲ, 1782ರಲ್ಲಿ ರದ್ದೂ ಆಯ್ತು. ಪೂರ್ತಿ ಲೇಖನ ತಜ್ಞರಿಗೆ ಕಳ್ಸೋಕೆ ನಿಮ್ಮ ಪತ್ರಿಕೆ ಬಿಡದೇ ಇದ್ರೆ ಇಸವಿ ಮತ್ತೆ ಅವರ ಮಾತಿರೋ ಸಾಲುಗಳನ್ನಷ್ಟೇ ಫೋನಲ್ಲಿ ಓದಿ ಹೇಳಿ, ಹೆಡ್‌ಲೈನ್ ಬದಲಾದ್ರೆ ಇನ್ನೊಂದ್ಸಲ ಫೋನ್ ಮಾಡಿ.