ವೈಡ್‌ಬ್ಯಾಂಡ್ ಐಡಲ್‌ನಲ್ಲಿ 17 ತೋರಿಸುತ್ತಿದೆ, ಪ್ಲಗ್ ಮಾತ್ರ ಕರ್ರಗೆ! ಯಾರಾದರೂ ನೋಡಿ

ಕ್ಯಾತ್ಸಂದ್ರ_ಟ್ಯೂನರ್:
ತಲೆ ಕೆಟ್ಟುಹೋಗಿದೆ. ಎಕ್ಸಾಸ್ಟ್‌ನಲ್ಲಿ ಆಮ್ಲಜನಕ ಅಳೆದು ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ಹೊಸ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿದ್ದೇನೆ. ಐಡಲ್‌ನಲ್ಲಿ ಮೀಟರ್ 17 ಅನ್ನುತ್ತದೆ. ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ) ಇದೆ ಅಂತ ಪೆಟ್ರೋಲ್ ಜಾಸ್ತಿ ಕೊಟ್ಟರೆ ಇನ್ನೂ ಮೇಲೆ ಹೋಗುತ್ತದೆ. ಸೈಲೆನ್ಸರ್ ಹಿಂದೆ ನಿಂತರೆ ಕಣ್ಣು ಉರಿಯುತ್ತದೆ, ಪ್ಲಗ್ ಕರ್ರಗೆ, ಅಂದರೆ ಪೆಟ್ರೋಲ್ ಜಾಸ್ತಿಯೇ ಇದೆ. ಹೈವೇಯಲ್ಲಿ ಕಾಲು ಒತ್ತಿದರೆ 12.8, ಅಲ್ಲಿ ಸರಿಯಾಗೇ ಇದೆ. ದುಡ್ಡು ದಂಡವಾಯ್ತಾ? ಯಾವ ಸೆಟ್ಟಿಂಗ್ ಬದಲಾಯಿಸಬೇಕು?

ಕೋಲಾರ_ಝೆನ್:
ಡೂಪ್ಲಿಕೇಟ್ ಸೆನ್ಸರ್ ಗುರು. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಕಿತ್ತು ಬಿಸಾಕು.

ನಂದಿ_ಘಾಟ್:
ಯಾವ ಗಾಡಿ, ಯಾವ ಇಸಿಯು (ಎಂಜಿನ್ ಕಂಪ್ಯೂಟರ್), ಸೆನ್ಸರ್ ಎಲ್ಲಿ ಕೂತಿದೆ? ಇದ್ಯಾವುದೂ ಇಲ್ಲದೆ ಏನಂತ ಹೇಳೋದು?

ಕ್ಯಾತ್ಸಂದ್ರ_ಟ್ಯೂನರ್:
ಮಾರುತಿ ಎಸ್ಟೀಮ್ ಸರ್, ಇಸಿಯು ಸ್ಪೀಡುಯಿನೊ. ಸೆನ್ಸರ್ ಬಾಷ್ ಎಲ್‌ಎಸ್‌ಯು 4.9. ಸೆನ್ಸರ್ ಎಲ್ಲರೂ ಹಾಕುವ ಜಾಗದಲ್ಲೇ ಇದೆ.

ಶಿರಾಗೇಟ್_ಪೆಟ್ರೋಲ್‌ಹೆಡ್:
ಈಗ ಬಂಕ್‌ನಲ್ಲಿ ಇ20 (20% ಎಥೆನಾಲ್ ಬೆರೆತ ಪೆಟ್ರೋಲ್) ಅಲ್ವಾ? ಅದಕ್ಕೇ ಲೀನ್. ಇ20ಗೆ ಸರಿಯಾದ ಅನುಪಾತ ಬರೀ ಪೆಟ್ರೋಲ್‌ನ 14.7 ಅಲ್ಲ, 13.5 ಹತ್ತಿರ. ಮೀಟರ್ ಸುಳ್ಳು ಹೇಳುತ್ತಿದೆ.

ನಂದಿ_ಘಾಟ್:
ಅಯ್ಯೋ, ಅದು ಹಾಗಲ್ಲ. ಸೆನ್ಸರ್ ಅಳೆಯುವುದು ಲ್ಯಾಂಬ್ಡಾ, ಅಂದರೆ ಬೇಕಾದಷ್ಟಕ್ಕೆ ಹೋಲಿಸಿದರೆ ಗಾಳಿ ಎಷ್ಟಿದೆ ಅಂತ; 1 ಅಂದರೆ ಸರಿಯಾಗಿದೆ. ಮೀಟರ್ ಅದನ್ನು 14.7ರಿಂದ ಗುಣಿಸಿ ತೋರಿಸುತ್ತದೆ ಅಷ್ಟೇ. ಇ20 ಹಾಕಿದರೂ ಲ್ಯಾಂಬ್ಡಾ 1 ಇದ್ದಾಗ ಮೀಟರ್‌ನಲ್ಲಿ 14.7 ಅಂತಲೇ ಬರುತ್ತದೆ. ಅದಕ್ಕೇ ಲ್ಯಾಂಬ್ಡಾದಲ್ಲಿ ನೋಡಿ ಅಂತ ಬಡ್ಕೊಳ್ಳೋದು.

ಶಿರಾಗೇಟ್_ಪೆಟ್ರೋಲ್‌ಹೆಡ್:
ನಮ್ಮ ಕಡೆ ಮೆಕ್ಯಾನಿಕ್‌ಗಳೆಲ್ಲ 14.7 ಲೆಕ್ಕದಲ್ಲೇ ಮಾತಾಡೋದು. ಲ್ಯಾಂಬ್ಡಾ ಅಂದರೆ ಮುಖ ನೋಡುತ್ತಾರೆ.

ಕೋಲಾರ_ಝೆನ್:
ಇಬ್ಬರೂ ಸುಮ್ನಿರಿ. ಸೆನ್ಸರ್ ಡೂಪ್ಲಿಕೇಟ್. ನನ್ನ ಝೆನ್‌ಗೆ ಬಾಷ್‌ನ ಹಳೇ ಮಾದರಿ 4.2 ಹಾಕಿದ್ದೇನೆ, ಕೆಜಿಎಫ್ ರಸ್ತೆಯಲ್ಲಿ ಬಂದು ನೋಡಿ, ಬೆಣ್ಣೆ ಥರ ಎಳೆಯುತ್ತದೆ.

ನಂದಿ_ಘಾಟ್:
ಹೊಸದಾಗಿ ತಗೊಳ್ಳುವವರಿಗೆ 4.9 ಒಳ್ಳೇದು. 4.2ಕ್ಕೆ ಹೋಲಿಸಿ ಅಳೆಯಲು ಹೊರಗಿನ ಗಾಳಿ ಬೇಕು, 4.9ಕ್ಕೆ ಅದು ಬೇಡ. ಆದರೆ ಸೆನ್ಸರ್ ನಡೆಸುವ ಕಂಟ್ರೋಲರ್ ಯಾವುದಕ್ಕೆ ಮಾಡಿದ್ದೋ ಅದನ್ನೇ ಹಾಕಬೇಕು. ವೈರ್ ಕತ್ತರಿಸಿ ಬೇರೆ ಕನೆಕ್ಟರ್ ಹಾಕಬೇಡಿ. ಆ ಸೆನ್ಸರ್‌ಗೆಂದೇ ಅಳೆದು ಕೂರಿಸಿದ ರೆಸಿಸ್ಟರ್ ಕನೆಕ್ಟರ್ ಒಳಗೇ ಇರುತ್ತದೆ.
ಡೂಪ್ಲಿಕೇಟ್ ಅನುಮಾನ ಇದ್ದರೆ ಸೆನ್ಸರ್ ಬಿಚ್ಚಿ, ಪವರ್ ಕೊಟ್ಟು, ತೆರೆದ ಗಾಳಿಯಲ್ಲಿ ಹಿಡಿಯಿರಿ. ಮೀಟರ್ ಲೀನ್ ಕಡೆಯ ಕೊನೆಗೆ ಹೋಗಿ ನಿಲ್ಲಬೇಕು. ತುದಿ ಮುಟ್ಟಬೇಡಿ, ಒಳಗೆ 780 ಡಿಗ್ರಿ ಕಾದಿರುತ್ತದೆ. ಆ ಜಾಗದ ಫೋಟೋನೂ ಹಾಕಿ.

ಕ್ಯಾತ್ಸಂದ್ರ_ಟ್ಯೂನರ್:
ಗಾಳಿಯಲ್ಲಿ ಕೊನೆಗೇ ಹೋಯ್ತು. ಫೋಟೋ ಹಾಕಿದ್ದೇನೆ. ಹೆಡರ್ (ಎಂಜಿನ್‌ನಿಂದ ಹೊಗೆ ತರುವ ಪೈಪ್‌ಗಳು) ಆದಮೇಲೆ ಫ್ಲೆಕ್ಸಿಬಲ್ ಪೈಪ್, ಅದರ ಹಿಂದೆ ಸೆನ್ಸರ್.

ನಂದಿ_ಘಾಟ್:
ಹೆಡರ್ ಇದೆ ಅಂತ ಈಗ ಹೇಳುತ್ತಿದ್ದೀರಾ! ಫೋಟೋದಲ್ಲಿ ಫ್ಲೆಕ್ಸಿಬಲ್ ಪೈಪಿನ ಜಾಲರಿ ಒಂದು ಕಡೆ ಮಸಿ ಹಿಡಿದಿದೆ ನೋಡಿ. ಅಲ್ಲಿ ಲೀಕ್ ಇದೆ. ಐಡಲ್‌ನಲ್ಲಿ ಎಕ್ಸಾಸ್ಟ್ ಒಂದೇ ಸಮನೆ ಬರುವುದಿಲ್ಲ, ಬಡಿತ ಬಡಿತವಾಗಿ ಬರುತ್ತದೆ. ಎರಡು ಬಡಿತದ ನಡುವೆ ಆ ಸಂದಿಯಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರ್‌ಗೆ ಆಮ್ಲಜನಕ ಸಿಕ್ಕರೆ ಲೀನ್ ಅನ್ನದೆ ಇನ್ನೇನು ಅನ್ನುತ್ತದೆ? ಕಾಲು ಒತ್ತಿದಾಗ ಒಳಗಿನ ಒತ್ತಡ ಜಾಸ್ತಿ, ಅದಕ್ಕೇ ಅಲ್ಲಿ ಸರಿ ಕಾಣುತ್ತದೆ.
ಪೆಟ್ರೋಲ್ ಜಾಸ್ತಿ ಕೊಟ್ಟಿದ್ದಕ್ಕೆ ಪ್ಲಗ್ ಒದ್ದೆಯಾಗಿ ಮಿಸ್ ಹೊಡೆಯುತ್ತಿದೆ. ಉರಿಯದೆ ಉಳಿದ ಆಮ್ಲಜನಕವೂ ಸೆನ್ಸರ್‌ಗೇ ಹೋಗುತ್ತದೆ. ಅದಕ್ಕೇ 17ರಿಂದ ಇನ್ನೂ ಮೇಲೆ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಸೈಲೆನ್ಸರ್ ಬಾಯಿಗೆ ಒದ್ದೆ ಬಟ್ಟೆ ಸ್ವಲ್ಪ ಒತ್ತಿ ಹಿಡಿಯಿರಿ, ಲೀಕ್ ಇರುವಲ್ಲಿ ಪುಸ್ ಅನ್ನುತ್ತದೆ. ಪೈಪ್ ಬದಲಾಯಿಸುವಾಗ ಸಿಲಿಕಾನ್ ಪೇಸ್ಟ್ ಬಳಿಯಬೇಡಿ, ಸೆನ್ಸರ್ ಹಾಳಾಗುತ್ತದೆ.

ಕೋಲಾರ_ಝೆನ್:
ಅಸಲಿ ಸೆನ್ಸರ್ ಆಗಿದ್ದರೆ ಲೀಕ್ ಇದ್ದರೂ ಇಷ್ಟು ತೋರಿಸ್ತಿರಲಿಲ್ಲ.

ಶಿರಾಗೇಟ್_ಪೆಟ್ರೋಲ್‌ಹೆಡ್:
😂

ಕ್ಯಾತ್ಸಂದ್ರ_ಟ್ಯೂನರ್:
ಪೈಪ್ ಬದಲಾಯಿಸಿದೆ. ಪೆಟ್ರೋಲೂ ಇಳಿಸಿದೆ. ಐಡಲ್‌ನಲ್ಲಿ ಈಗ 14.7 ಹತ್ತಿರ ನಿಂತಿದೆ, ವಾಸನೆ ಇಲ್ಲ. ಆದರೆ ಮೀಟರ್ 14.7 ಅಂದಾಗ ಇಸಿಯುಗೆ ಹಾಕಿದ ಲ್ಯಾಪ್‌ಟಾಪ್ 16.2 ಅನ್ನುತ್ತದೆ. 12.5 ಇದ್ದಾಗ 14.4. ಇದೇನು ಹೊಸ ಕಾಟ?

ನಂದಿ_ಘಾಟ್:
ವ್ಯತ್ಯಾಸ ಯಾವಾಗಲೂ ಒಂದೇ ಆಗಿದ್ದರೆ ಗ್ರೌಂಡ್ ವೈರ್ ತೊಂದರೆ ಅನ್ನುತ್ತಿದ್ದೆ. ನಿಮ್ಮದು ಬದಲಾಗುತ್ತಿದೆ, ಅಂದರೆ ಸ್ಕೇಲ್ ತಪ್ಪು, ಕಂಟ್ರೋಲರ್ ಕಳಿಸುವ ವೋಲ್ಟ್ ಅನ್ನು ಸಾಫ್ಟ್‌ವೇರ್ ಬೇರೆ ಲೆಕ್ಕದಲ್ಲಿ ಓದುತ್ತಿದೆ. ನಿಮ್ಮ ಕಂಟ್ರೋಲರ್ 0.5 ವೋಲ್ಟ್‌ಗೆ 8.5, 4.5 ವೋಲ್ಟ್‌ಗೆ 18 ಕೊಡುವ ಥರದ್ದು ಅನ್ನಿಸುತ್ತದೆ. ಸಾಫ್ಟ್‌ವೇರ್‌ನಲ್ಲಿ 0ಯಿಂದ 5 ವೋಲ್ಟ್‌ಗೆ 10ರಿಂದ 20 ಅಂತ ಇಟ್ಟಿರಬೇಕು. ಕಂಟ್ರೋಲರ್ ಜೊತೆ ಬಂದ ಚೀಟಿ ನೋಡಿ ಬದಲಾಯಿಸಿ. ಅಲ್ಲಿಯವರೆಗೆ ಆಟೋ ಟ್ಯೂನ್ (ಸಾಫ್ಟ್‌ವೇರ್ ತಾನೇ ಪೆಟ್ರೋಲ್ ಹೊಂದಿಸುವುದು) ಮುಟ್ಟಬೇಡಿ.

ಕೋಲಾರ_ಝೆನ್:
ಗುರು, ಆ ಸೆನ್ಸರ್ ಮಾರುತ್ತೀಯಾ? ಝೆನ್‌ಗೆ ಟರ್ಬೊ ಹಾಕೋ ಪ್ಲ್ಯಾನ್ ಇದೆ, ಎರಡನೇದೊಂದು ಬೇಕಿತ್ತು.